ಬೆಡ್ ಖಾಲಿಯಾಯಿತು, ಅಳು ಬರಲಿಲ್ಲ: ಮಕ್ಕಳ ವಾರ್ಡಿನವರೊಂದಿಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ತೀವ್ರ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವವರ ಮನಸ್ಸಿನ ದಣಿವಿನ ಬಗ್ಗೆ ಎರಡು ದಿನ ಈ ಗುಂಪಿನಲ್ಲಿ ಉತ್ತರಿಸಬೇಕೆಂದು ನಿರ್ವಾಹಕರು ಕೇಳಿದ್ದಾರೆ. ನಾನು ಹನ್ನೊಂದು ವರ್ಷ ಮಕ್ಕಳ ಐಸಿಯುನಲ್ಲಿ ನರ್ಸ್ ಆಗಿದ್ದವಳು. ಆಮೇಲೆ ಮನಶ್ಶಾಸ್ತ್ರ ಓದಿ, ಈಗ ಆಸ್ಪತ್ರೆಗಳ ಸಿಬ್ಬಂದಿಗೆ ಆಪ್ತಸಮಾಲೋಚಕಿಯಾಗಿದ್ದೇನೆ. ಒಂದು ವಿನಂತಿ: ಮಗುವಿನ ಹೆಸರು, ಆಸ್ಪತ್ರೆಯ ಹೆಸರು, ಗುರುತು ಸಿಗುವಂಥ ವಿವರ ಬರೆಯಬೇಡಿ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ‘ದಿನಾ ಹತ್ತು ನಿಮಿಷ ಧ್ಯಾನ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂಬ ಉತ್ತರಕ್ಕಾಗಿ ಬಂದವರಿಗೆ ನಿರಾಶೆಯಾದೀತು. ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ. ಹದಿನಾಲ್ಕು ಗಂಟೆ ದುಡಿಸಿಕೊಂಡು ‘ಧ್ಯಾನ ಮಾಡು’ ಎನ್ನುವವರ ಮೇಲೆ ಇದೆ.

ಪ್ರಶ್ನೆ (ಮಕ್ಕಳ ಐಸಿಯು ನರ್ಸ್, ಆರು ವರ್ಷದ ಅನುಭವ):

ಮೇಡಂ, ಹೋದ ವಾರ ರಾತ್ರಿ ಪಾಳಿಯಲ್ಲಿ ಒಂದು ಮಗು ಹೋಯಿತು. ಹತ್ತೊಂಬತ್ತು ದಿನ ಹೆಚ್ಚಾಗಿ ನಾನೇ ನೋಡಿಕೊಂಡಿದ್ದ ಮಗು. ಬೆಳಗಿನ ಜಾವ 4.10ಕ್ಕೆ ಡಾಕ್ಟರ್ ಸಮಯ ಹೇಳಿದರು, ನಾನು ಬರೆದುಕೊಂಡೆ. ಟ್ಯೂಬುಗಳನ್ನು ತೆಗೆದೆ, ಮೈ ಒರೆಸಿದೆ, ತಾಯಿಯ ಕೈಗೆ ಕೊಟ್ಟೆ. 5.30ಕ್ಕೆ ಅದೇ ಬೆಡ್‌ಗೆ ಇನ್ನೊಂದು ಮಗು ಬಂತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ ಯೋಚನೆ: ಔಷಧವನ್ನು ನಿಧಾನವಾಗಿ ಒಳಬಿಡುವ ಸಿರಿಂಜ್ ಪಂಪ್ ಎರಡೇ ಇವೆ, ಮೂರನೆಯದನ್ನು ಎಲ್ಲಿಂದ ತರಲಿ? ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮೊದಲ ವರ್ಷ ಹೀಗಾದಾಗ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವಳು ನಾನು. ಈಗ ಕಲ್ಲಾಗಿಬಿಟ್ಟೆನೇ?

ಉತ್ತರ:

ಸಿಸ್ಟರ್, ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಅಳುವಿನ ಮೇಲಲ್ಲ, ಗಡಿಯಾರದ ಮೇಲೆ. 4.10ರಿಂದ 5.30. ಎಂಬತ್ತು ನಿಮಿಷ. ಅಷ್ಟರಲ್ಲಿ ಟ್ಯೂಬು ತೆಗೆದು, ಮೈ ಒರೆಸಿ, ತಾಯಿಯನ್ನು ಕೂರಿಸಿ, ಕೇಸ್ ಶೀಟ್ ಮುಗಿಸಿ, ಬೆಡ್ ತೊಳೆಸಿ, ವೆಂಟಿಲೇಟರಿನ ಸರ್ಕ್ಯೂಟ್ ಬದಲಿಸಿ, ಹೊಸ ಮಗುವಿಗೆ ಲೈನ್ ಸಿದ್ಧಮಾಡಿರುತ್ತೀರಿ. ಪಕ್ಕದ ಬೆಡ್ಡಿನ ಮಗುವಿನ ಔಷಧದ ಸಮಯವೂ ಅದರ ನಡುವೆಯೇ ಬಂದಿರುತ್ತದೆ. ಇದರಲ್ಲಿ ಅಳುವುದಕ್ಕೆ ಬಿಡುವು ಎಲ್ಲಿತ್ತು ಹೇಳಿ? ನಿಮ್ಮ ಅಳು ಸತ್ತಿಲ್ಲ, ಅದಕ್ಕೆ ಸರದಿ ಸಿಕ್ಕಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಐಸಿಯುನಲ್ಲಿ ನಾನು ಕಳೆದುಕೊಂಡ ಮೊದಲ ಮಗುವಿಗೆ ನಾನು ಅಳಲಿಲ್ಲ. ಸುಮಾರು ಎಂಟು ತಿಂಗಳಾದ ಮೇಲೆ ಬಸ್ಸಿನಲ್ಲಿ ಎದುರು ಸೀಟಿನ ತಾಯಿಯ ತೊಡೆಯ ಮೇಲೆ ಒಂದು ಕೂಸು ಮಲಗಿತ್ತು. ಒಂದೇ ಕಾಲಿಗೆ ಕಾಲುಚೀಲ. ಇನ್ನೊಂದು ಎಲ್ಲೋ ಬಿದ್ದುಹೋಗಿರಬೇಕು. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಆಮ್ಲಜನಕದ ಪ್ರಮಾಣ ನೋಡುವ ಪ್ರೋಬ್ ಅನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿದಾಗ ಆ ಕಾಲಿಗೆ ಕಾಲುಚೀಲ ಇರುವುದಿಲ್ಲ. ನಮ್ಮ ಎಷ್ಟೋ ಮಕ್ಕಳು ಒಂಟಿ ಕಾಲುಚೀಲದವರೇ. ಆ ಬಸ್ಸಿನಲ್ಲಿ ನಾನು ಅತ್ತದ್ದನ್ನು ನೋಡಿ ಕಂಡಕ್ಟರ್ ಪರ್ಸ್ ಕಳೆದುಹೋಯಿತೇ ಎಂದು ಕೇಳಿದರು. ಹೌದು ಎಂದೆ. ಬೇರೆ ಏನು ಹೇಳಲಿ?

ನಿಮ್ಮ ಸ್ಥಿತಿಗೆ ಒಂದು ಹೆಸರಿದೆ: ಕಂಪ್ಯಾಷನ್ ಫಟೀಗ್, ಅನುಕಂಪದ ದಣಿವು. ದಾದಿಯರ ಬಗ್ಗೆ ಬರೆಯುತ್ತ ಕಾರ್ಲಾ ಜಾಯ್ನ್‌ಸನ್ 1992ರಲ್ಲಿ ಈ ಮಾತು ಬಳಸಿದರು. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಎಂಬ ಮನೋವಿಜ್ಞಾನಿ ಇದರ ಬಗ್ಗೆ ಪುಸ್ತಕವನ್ನೇ ತಂದ ಮೇಲೆ ಪದ ಎಲ್ಲೆಡೆ ಹರಡಿತು. ಹೆಸರು ನಿಂತುಬಿಟ್ಟಿದೆ, ಇರಲಿ. ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ದಣಿಯುವುದು ಅನುಕಂಪವಲ್ಲ, ಇಳಿಸಲು ಜಾಗ ಸಿಗದೆ ಹೊತ್ತೇ ತಿರುಗುವ ದುಃಖದಿಂದ ಬರುವ ದಣಿವು ಅದು. ಹಿಂದಿನ ದಾರಿಗಳಲ್ಲಿ ಹೊರೆಗಲ್ಲು ಎಂದು ಇರುತ್ತಿತ್ತಲ್ಲ, ತಲೆಯ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಅದರ ಮೇಲೆ ಸರಿಸಿ ಸುಧಾರಿಸಿಕೊಂಡು ಮತ್ತೆ ಹೊರುವುದಕ್ಕೆ? ಆಸ್ಪತ್ರೆಯನ್ನು ಕಟ್ಟುವವರು ಲಿಫ್ಟ್, ಜನರೇಟರ್, ಆಮ್ಲಜನಕದ ಪೈಪು ಎಲ್ಲ ನೆನಪಿಟ್ಟು ಹಾಕಿಸುತ್ತಾರೆ. ಹೊರೆಗಲ್ಲನ್ನು ಮರೆಯುತ್ತಾರೆ.

ಇನ್ನೊಂದು ವಿಷಯ. ಆ ಮಗು ನಿಮ್ಮದಲ್ಲ, ಆದ್ದರಿಂದ ದುಃಖಿಸುವ ಹಕ್ಕು ನಿಮಗೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ಹಾಗೆಯೇ ನಡೆದುಕೊಳ್ಳುತ್ತಾರೆ. ಸಮಾಜ ಒಪ್ಪಿಕೊಳ್ಳದ, ಬಹಿರಂಗವಾಗಿ ಹೇಳಿಕೊಳ್ಳಲಾಗದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಹತ್ತೊಂಬತ್ತು ದಿನ ಮೂರು ಹೊತ್ತೂ ಮಗ್ಗುಲು ಬದಲಿಸಿದವರು ಯಾರೋ ಹೊರಗಿನವರು ಎಂದರೆ ಹೇಗೆ?

ಮಾಡಬೇಕಾದದ್ದು ಇಷ್ಟು. ಅಂದು ನಿಮ್ಮ ಜೊತೆ ಪಾಳಿಯಲ್ಲಿದ್ದ ಒಬ್ಬರನ್ನು ಹಿಡಿದು ಕೂರಿಸಿ, ಆ ಮಗುವಿನ ಬಗ್ಗೆ ಮಾತನಾಡಿ. 4.10ರ ಬಗ್ಗೆ ಅಲ್ಲ. ಆ ಹತ್ತೊಂಬತ್ತು ದಿನಗಳ ಬಗ್ಗೆ. ಯಾವ ಮಗ್ಗುಲಾದರೆ ಮಲಗುತ್ತಿತ್ತು, ಯಾರ ದನಿ ಕೇಳಿದರೆ ಕಣ್ಣು ತೆರೆಯುತ್ತಿತ್ತು, ಹೀಗೆ. ಅಳು ಬಂದರೆ ಬರಲಿ, ಬಾರದಿದ್ದರೆ ಬೇಡ, ಅದೇನೂ ಪರೀಕ್ಷೆಯಲ್ಲ. ಆದರೆ ನಿದ್ದೆ ಕೆಟ್ಟಿದ್ದರೆ, ಆ ಬೆಡ್ಡಿನ ಹತ್ತಿರ ಹೋಗಲು ಕಾಲು ಬಾರದಿದ್ದರೆ, ಆ ದೃಶ್ಯ ಕರೆಯದೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದರೆ, ಮನಶ್ಶಾಸ್ತ್ರಜ್ಞರನ್ನು ಕಾಣಿ.

ಪ್ರಶ್ನೆ (ಮಕ್ಕಳ ಕ್ಯಾನ್ಸರ್ ವಿಭಾಗದ ಕಿರಿಯ ವೈದ್ಯ):

ಮೇಡಂ, ಇದಕ್ಕೂ ಬರ್ನ್‌ಔಟ್‌ಗೂ ಏನು ವ್ಯತ್ಯಾಸ? ನನಗೆ ಯಾವುದಿದೆ ಎಂದು ತಿಳಿಯುತ್ತಿಲ್ಲ. ನಿನ್ನೆ ಒಬ್ಬ ತಂದೆ ‘ಈ ಕೀಮೋ ಕೆಲಸ ಮಾಡುತ್ತದಲ್ಲವೇ’ ಎಂದು ನಾಲ್ಕನೇ ಸಲ ಕೇಳಿದಾಗ ರೇಗಿಬಿಟ್ಟೆ. ‘ಎಷ್ಟು ಸಲ ಹೇಳಬೇಕು ನಿಮಗೆ’ ಎಂದೆ. ಅವರು ಕೈಮುಗಿದು ಕ್ಷಮೆ ಕೇಳಿದರು. ಅದು ಇನ್ನೂ ಚುಚ್ಚುತ್ತಿದೆ. ಅಂತರ್ಜಾಲದಲ್ಲಿ ಒಂದು ಪ್ರಶ್ನಾವಳಿ ತುಂಬಿದೆ, ಅಂಕ ನೋಡಿ ಇನ್ನೂ ಭಯವಾಯಿತು.

ಉತ್ತರ:

ಡಾಕ್ಟರೇ, ಮೊದಲು ಆ ತಂದೆ. ನಾಲ್ಕು ಸಲ ಕೇಳುವವರಿಗೆ ಉತ್ತರ ಅರ್ಥವಾಗಿರುತ್ತದೆ, ಅದನ್ನು ಒಳಗೆ ಬಿಟ್ಟುಕೊಳ್ಳಲು ಆಗಿರುವುದಿಲ್ಲ. ನಾಳೆ ರೌಂಡ್ಸ್ ಮುಗಿದ ಮೇಲೆ ನೀವೇ ಹೋಗಿ, ಕುರ್ಚಿ ಎಳೆದುಕೊಂಡು ಕುಳಿತು, ‘ನಿನ್ನೆ ನಾನು ಹಾಗೆ ಮಾತನಾಡಬಾರದಿತ್ತು’ ಎನ್ನಿ. ಅಷ್ಟು ಸಾಕು, ಕಾರಣಗಳ ಪಟ್ಟಿ ಬೇಡ. ನಿಂತುಕೊಂಡು ಮಾತ್ರ ಹೇಳಬೇಡಿ.

ಇನ್ನು ವ್ಯತ್ಯಾಸ. ಬರ್ನ್‌ಔಟ್ ಕೆಲಸದ ಹೊರೆಯಿಂದ ನಿಧಾನವಾಗಿ ಬರುವಂಥದ್ದು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದನ್ನು ಅಳೆಯುವ ಮಾಪಕ ಮಾಡಿದಾಗ ಮೂರು ಎಳೆ ಗುರುತಿಸಿದರು: ಭಾವನೆ ಬರಿದಾಗುವುದು, ರೋಗಿಯನ್ನು ಮನುಷ್ಯನಂತೆ ಕಾಣದೆ ಬೆಡ್ ನಂಬರಿನಂತೆ ಕಾಣುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಇದೆ, ಆದರೆ ರೋಗವಾಗಿ ಅಲ್ಲ, ಕೆಲಸದ ಸ್ಥಳಕ್ಕೆ ಸಂಬಂಧಿಸಿದ ವಿದ್ಯಮಾನವಾಗಿ. ಈ ಸಣ್ಣ ವ್ಯತ್ಯಾಸ ನನಗೆ ಬಹಳ ಮುಖ್ಯ: ಕೆಟ್ಟಿರುವುದು ಕೆಲಸದ ಸ್ಥಳ, ಔಷಧ ಕುಡಿಯಬೇಕಾದವರು ನೀವು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬರ್ನ್‌ಔಟ್ ಬ್ಯಾಂಕಿನವರಿಗೂ ಬರಬಹುದು. ಅನುಕಂಪದ ದಣಿವು ಇನ್ನೊಬ್ಬರ ಸಂಕಟವನ್ನು ಹತ್ತಿರದಿಂದ ಕಂಡವರಿಗೆ ಬರುವಂಥದ್ದು. ಕೆಲವೊಮ್ಮೆ ಒಂದೇ ಮಗುವಿನಿಂದ, ಒಂದೇ ರಾತ್ರಿಯಲ್ಲಿ. ಮೂರನೆಯದೂ ಒಂದಿದೆ, ನೈತಿಕ ಸಂಕಟ. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ಮಾಡಲು ಬಿಡದ ಸ್ಥಿತಿಗೆ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ಕೊಟ್ಟ ಹೆಸರು. ಇನ್ನು ಪ್ರಯೋಜನವಿಲ್ಲ ಎಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ನಿಲ್ಲಿಸಿ ಎನ್ನದ ಕಾರಣ ನಿಂತ ಹೃದಯ ಮತ್ತೆ ಮಿಡಿಯಲೆಂದು ಪುಟ್ಟ ಎದೆಯನ್ನು ಒತ್ತುವ ಸಿಪಿಆರ್ ಮುಂದುವರಿಸಿದ ಕೈಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನನ್ನ ಬಳಿ ಬಂದವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಶಾಸ್ತ್ರೀಯವಲ್ಲ, ಅನುಭವದ್ದು. ನಾಳೆ ಡ್ಯೂಟಿ ಎಂದು ನೆನಪಾದ ಕೂಡಲೇ ಕಣ್ಣ ಮುಂದೆ ಮೊದಲು ಬರುವುದು ಏನು? ಡ್ಯೂಟಿ ಪಟ್ಟಿ ಬಂದರೆ ಬರ್ನ್‌ಔಟ್ ಕಡೆ ನೋಡುತ್ತೇನೆ. ಒಂದು ಮಗುವಿನ ಮುಖ ಬಂದರೆ ಅನುಕಂಪದ ದಣಿವಿನ ಕಡೆ. ಹಿರಿಯ ವೈದ್ಯರೊಬ್ಬರ ಮುಖ ಬಂದರೆ, ಮೂರನೆಯದು. ಎಷ್ಟೋ ಜನರಿಗೆ ಮೂರೂ ಒಟ್ಟಿಗೆ ಬರುತ್ತವೆ.

ನೀವು ತುಂಬಿದ್ದು ಬಹುಶಃ ಬೆತ್ ಹಡ್ನಲ್ ಸ್ಟಾಮ್ ಅವರ ಪ್ರಶ್ನಾವಳಿ, ಮೂವತ್ತು ಪ್ರಶ್ನೆಗಳದ್ದು. ಅದು ಹಿಂದಿನ ಮೂವತ್ತು ದಿನಗಳ ಚಿತ್ರ ಅಷ್ಟೇ, ರೋಗನಿರ್ಣಯವಲ್ಲ. ಅದರಲ್ಲಿ ಮೂರು ಭಾಗಗಳಿವೆ. ಎಲ್ಲರೂ ಭಯಪಡಿಸುವ ಎರಡನ್ನು ನೋಡಿ ಮುಚ್ಚಿಡುತ್ತಾರೆ. ಮೂರನೆಯದು ಕೆಲಸದಿಂದ ಸಿಗುವ ತೃಪ್ತಿಯದು. ಆ ಅಂಕ ಎಷ್ಟಿತ್ತು, ನೋಡಿದಿರಾ?

ಕೊನೆಯದಾಗಿ, ಇದನ್ನು ದಾಟಿ ಓದಬೇಡಿ. ಬೇಸರ ವಾರ್ಡಿಗೆ ಮಾತ್ರ ಸೀಮಿತವಾಗಿರದೆ, ಇಷ್ಟದ ಹಾಡು, ಗೆಳೆಯರು, ಊಟ ಯಾವುದರಲ್ಲೂ ರುಚಿಯಿಲ್ಲದೆ ಎರಡು ವಾರ ಕಳೆದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಇವತ್ತೇ, ಈ ಪುಟ ಮುಚ್ಚುವ ಮುನ್ನವೇ, ಯಾರಿಗಾದರೂ ಹೇಳಿ. ನಮ್ಮ ವೃತ್ತಿಯಲ್ಲಿ ಅಪಾಯದ ಔಷಧಗಳು ಕೈಗೆಟಕುವ ಕಪಾಟಿನಲ್ಲೇ ಇರುತ್ತವೆ. ಆದ್ದರಿಂದ ‘ನೋಡೋಣ’ ಎಂದು ಕಾಯುವ ಅವಕಾಶ ನಮಗಿಲ್ಲ.

ಪ್ರಶ್ನೆ (ಒಬ್ಬ ತಾಯಿ):

ನಾನು ಆಸ್ಪತ್ರೆಯವಳಲ್ಲ, ಕೇಳಬಹುದೇ? ನನ್ನ ಮಗಳು ನಾಲ್ಕು ತಿಂಗಳು ವಾರ್ಡಿನಲ್ಲಿದ್ದಳು. ಒಬ್ಬ ಸಿಸ್ಟರ್ ಮೊದಲ ಎರಡು ತಿಂಗಳು ಅವಳ ಜೊತೆ ಆಡುತ್ತಿದ್ದರು, ಜಡೆ ಹಾಕುತ್ತಿದ್ದರು. ಕೂದಲು ಉದುರಿದ ಮೇಲೂ ಟೋಪಿಗೆ ರಿಬ್ಬನ್ ಕಟ್ಟಿದ್ದರು. ಕಾಯಿಲೆ ಮರುಕಳಿಸಿದೆ ಎಂದು ತಿಳಿದ ದಿನದಿಂದ ಅವರು ಬದಲಾದರು. ಬರುತ್ತಿದ್ದರು, ಔಷಧ ಹಾಕುತ್ತಿದ್ದರು, ಹೋಗುತ್ತಿದ್ದರು. ಮುಖ ಎತ್ತುತ್ತಿರಲಿಲ್ಲ. ಮಗಳು ‘ಸಿಸ್ಟರ್‌ಗೆ ನನ್ನ ಮೇಲೆ ಕೋಪವಾ’ ಎಂದು ಕೇಳಿದಳು. ನಾವೇನಾದರೂ ತಪ್ಪು ಮಾಡಿದೆವೇ? ಅವಳು ಈಗ ಇಲ್ಲ. ಆದರೆ ಅವಳ ಆ ಪ್ರಶ್ನೆ ಉಳಿದುಬಿಟ್ಟಿದೆ.

ಉತ್ತರ:

ಅಮ್ಮಾ, ಕೇಳಬಹುದು. ಈ ಪುಟದಲ್ಲಿ ನಿಮಗಿಂತ ಹೆಚ್ಚು ಹಕ್ಕುಳ್ಳವರು ಯಾರೂ ಇಲ್ಲ.

ನೀವು ಏನೂ ತಪ್ಪು ಮಾಡಿಲ್ಲ. ನಿಮ್ಮ ಮಗಳೂ ಮಾಡಿಲ್ಲ. ಆ ಸಿಸ್ಟರ್ ಒಳಗೆ ಏನಿತ್ತೆಂದು ನಾನು ಖಚಿತವಾಗಿ ಹೇಳಲಾರೆ, ಆದರೆ ಇದೇ ಕೆಲಸವನ್ನು ನಾನೂ ಮಾಡಿದ್ದೇನೆ. ಮುಂದೆ ಏನಾಗಲಿದೆ ಎಂದು ತಿಳಿದ ದಿನ ಮಗುವಿನ ಕಣ್ಣು ನೋಡಲು ಆಗುತ್ತಿರಲಿಲ್ಲ. ಐವಿ ಸೆಟ್ಟಿನ ಹನಿಗಳನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಎಣಿಸುತ್ತ ನಿಲ್ಲುತ್ತಿದ್ದೆ, ಮುಖ ತಿರುಗಿಸಲು ಒಂದು ನೆಪ ಬೇಕಿತ್ತು. ಹೊರಗಿನಿಂದ ಅದು ಕೋಪದಂತೆಯೇ ಕಾಣುತ್ತದೆ. ಅದು ಕೋಪವಾಗಿರಲಿಲ್ಲ ಎಂದು ಯಾರೂ ಮಗುವಿಗೆ ಹೇಳಲಿಲ್ಲ, ಅದು ನಮ್ಮ ಕಡೆಯ ತಪ್ಪು. ಸುಸ್ತಾದವರ ಪರವಾಗಿ ನಾನು ಇಲ್ಲಿ ಎಷ್ಟೇ ಮಾತನಾಡಲಿ, ಆ ತಪ್ಪು ತಪ್ಪೇ. ನಮ್ಮ ದಣಿವಿನ ಬಿಲ್ಲನ್ನು ಮಗುವಿನ ಕೈಗೆ ಕೊಡಬಾರದಿತ್ತು.

ಅವಳ ಜಡೆಯನ್ನೂ ಆ ರಿಬ್ಬನ್ನನ್ನೂ ಆ ಸಿಸ್ಟರ್ ಮರೆತಿರಲಿಕ್ಕಿಲ್ಲ ಎಂದು ನನ್ನ ನಂಬಿಕೆ. ನಿಮಗೆ ಮನಸ್ಸಾದರೆ, ಮನಸ್ಸಾದರೆ ಮಾತ್ರ, ವಾರ್ಡಿನ ವಿಳಾಸಕ್ಕೆ ಒಂದು ಪತ್ರ ಬರೆಯಬಹುದು.

ಪ್ರಶ್ನೆ (ನಿವೃತ್ತಿಗೆ ಹತ್ತಿರದ ಮಕ್ಕಳ ತಜ್ಞರು):

ಮೂವತ್ತನಾಲ್ಕು ವರ್ಷ ಸೇವೆ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಈ ಪದಗಳೇ ಇರಲಿಲ್ಲ. ‘ದಿನಾ ಸಾಯುವವರಿಗೆ ಅಳುವವರಾರು’ ಎಂಬ ಗಾದೆಯನ್ನು ನಮ್ಮ ಗುರುಗಳು ಹೇಳುತ್ತಿದ್ದರು. ಎದೆ ಗಟ್ಟಿ ಇಲ್ಲದವರು ಈ ವಿಭಾಗಕ್ಕೆ ಬರಬಾರದು. ಅತಿಯಾಗಿ ಹಚ್ಚಿಕೊಂಡರೆ ಸೂಜಿ ಹಿಡಿದ ಕೈ ನಡುಗುತ್ತದೆ. ಇದರಲ್ಲಿ ತಪ್ಪೇನಿದೆ?

ಉತ್ತರ:

ಸರ್, ಕೈ ನಡುಗಬಾರದು ಎಂಬ ಮಾತು ನೂರಕ್ಕೆ ನೂರು ಸರಿ. ಆದರೆ ಆ ಗಾದೆಯನ್ನು ಇನ್ನೊಮ್ಮೆ ಓದಿ ನೋಡಿ. ಅದು ದಿನಾ ಸಾಯುವ ಒಬ್ಬನ ಬಗ್ಗೆ ಹೇಳಿದ್ದು. ನಮ್ಮಲ್ಲಿ ದಿನಾ ಸಾಯುವವನು ಒಬ್ಬನಲ್ಲ, ಪ್ರತಿ ಸಲವೂ ಬೇರೆ ಮಗು. ಅದರ ತಾಯಿಗೆ ಅದು ಮೊದಲ ಸಾವು, ಒಂದೇ ಸಾವು.

ಹಚ್ಚಿಕೊಳ್ಳುವುದರಲ್ಲಿ ಎರಡು ಬಗೆ ಇವೆ, ನಿಮ್ಮ ಗುರುಗಳು ಎರಡನ್ನೂ ಒಂದೇ ಗಂಟು ಕಟ್ಟಿದಂತಿದೆ. ಮಗುವಿನ ನೋವನ್ನು ನನ್ನದೇ ಎಂಬಂತೆ ಒಳಗೆ ಎಳೆದುಕೊಳ್ಳುವುದು ಒಂದು. ಆ ನೋವನ್ನು ನೋಡುತ್ತ, ಅದು ಕಡಿಮೆಯಾಗಲಿ ಎಂದು ಬಯಸುತ್ತ ಅದರ ಕಡೆಗೆ ಹೋಗುವುದು ಇನ್ನೊಂದು. ಓಲ್ಗಾ ಕ್ಲಿಮೆಕಿ, ತಾನಿಯಾ ಸಿಂಗರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇತರರ ಸಂಕಟದ ವಿಡಿಯೊ ತೋರಿಸಿ, ಮೊದಲು ಆ ಸಂಕಟವನ್ನು ಹಾಗೆಯೇ ಅನುಭವಿಸುವ ತರಬೇತಿ ಕೊಟ್ಟಾಗ ಜನರ ವೇದನೆ ಹೆಚ್ಚಿತು. ಅದೇ ಜನರಿಗೆ ಆಮೇಲೆ ಕರುಣೆಯ ತರಬೇತಿ ಕೊಟ್ಟಾಗ ಆ ವೇದನೆ ಇಳಿದು, ಮನಸ್ಸಿನಲ್ಲಿ ಹಿತವಾದ ಭಾವ ಏರಿತು. ಮೆದುಳಿನಲ್ಲಿ ಚುರುಕಾದ ಭಾಗಗಳೂ ಬೇರೆ ಬೇರೆ. ಅಂದರೆ ಗಟ್ಟಿ ಎದೆಯೋ ಮೆದು ಎದೆಯೋ ಎಂಬ ಆಯ್ಕೆಯೇ ಸರಿಯಿಲ್ಲ.

ನಿಮ್ಮಂಥವರು ಹೆಚ್ಚಾಗಿ ಎರಡನೆಯ ಬಗೆಯನ್ನು ತಾವಾಗಿಯೇ ಕಂಡುಕೊಂಡಿರುತ್ತೀರಿ, ಅದಕ್ಕೇ ಮೂವತ್ತನಾಲ್ಕು ವರ್ಷ ನಿಂತಿದ್ದೀರಿ. ಕಿರಿಯರಿಗೆ ಮಾತ್ರ ‘ಗಟ್ಟಿಯಾಗು’ ಎಂಬ ಒಂದೇ ಪದದಲ್ಲಿ ಅದನ್ನು ಕಲಿಸುತ್ತೀರಿ. ಅವರು ಕಲ್ಲಾಗುವುದು ಎಂದು ಅರ್ಥಮಾಡಿಕೊಳ್ಳುತ್ತಾರೆ. ಬಿಟ್ಟು ಹೋದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಬೇರೆ ವಿಭಾಗಕ್ಕೆ ಹೋದರು ಎಂದು ಕೇಳಿದರೆ ತಪ್ಪು ತಿಳಿಯುವುದಿಲ್ಲ ತಾನೇ?

ಅದೇ ವೈದ್ಯರ ಮರುಮಾತು:

ತಪ್ಪು ತಿಳಿಯುವುದಿಲ್ಲ. ಐವರಲ್ಲಿ ಇಬ್ಬರು ಹೋದರು. ಒಬ್ಬ ನನ್ನ ರೂಮ್‌ಮೇಟ್. ಕಾರಣ ಕೇಳಿರಲಿಲ್ಲ.

ಪ್ರಶ್ನೆ (ಮಕ್ಕಳ ವಾರ್ಡಿನ ಸಹಾಯಕಿ, ಮಗನ ಫೋನಿನಿಂದ):

ಇಲ್ಲಿ ಡಾಕ್ಟರು, ಸಿಸ್ಟರುಗಳು ಕೇಳುತ್ತಿದ್ದಾರೆ. ನಾನು ನೆಲ ಒರೆಸುವವಳು, ಬಟ್ಟೆ ಬದಲಿಸುವವಳು. ಮಗು ಹೋದರೆ ಕೆಳಗಿನ ಕೋಣೆಗೆ ಕರೆದುಕೊಂಡು ಹೋಗುವುದು ನಾವೇ. ದೊಡ್ಡವರನ್ನು ಟ್ರಾಲಿಯಲ್ಲಿ ಒಯ್ಯುತ್ತೇವೆ. ಎಳೆ ಕೂಸಾದರೆ ಎತ್ತಿಕೊಂಡೇ ಹೋಗುತ್ತೇನೆ, ಟ್ರಾಲಿಗೆ ಹಾಕಲು ಮನಸ್ಸು ಬಾರದು. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮಲಗಿದೆ ಎಂದುಕೊಂಡು ಸುಮ್ಮನಿರುತ್ತಾರೆ. ವಾಪಸು ಬಂದಾಗ ಕೈ ಹಗುರವಾಗಿ ಒಂಥರಾ ಆಗುತ್ತದೆ. ನಮಗೂ ಇದು ಬರುತ್ತದೆಯೇ ಅಥವಾ ಓದಿದವರಿಗೆ ಮಾತ್ರವೇ?

ಉತ್ತರ:

ಅಕ್ಕ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಎದ್ದುಹೋಗಿ ಬಂದೆ.

ಬರುತ್ತದೆ. ನಿಮಗೆ ನಮಗಿಂತ ಹೆಚ್ಚು ಬರುವುದಕ್ಕೂ ಕಾರಣವಿದೆ. ಡಾಕ್ಟರಿಗೆ ಕೊನೆಪಕ್ಷ ‘ಇದಕ್ಕಾಗಿ ಇಷ್ಟು ಪ್ರಯತ್ನ ಮಾಡಿದೆ’ ಎಂಬ ಸಮಾಧಾನ ಇರುತ್ತದೆ. ಏನಾಯಿತು, ಯಾಕಾಯಿತು ಎಂದು ಚರ್ಚಿಸುವ ಸಭೆ ಇರುತ್ತದೆ. ನಿಮಗೆ ಯಾರೂ ಏನನ್ನೂ ವಿವರಿಸುವುದಿಲ್ಲ. ನಿನ್ನೆ ನಿಮ್ಮ ಸೆರಗು ಹಿಡಿದು ಎಳೆದ ಮಗು ಇವತ್ತು ಯಾಕೆ ಇಲ್ಲ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ತಾಯಂದಿರು ಮಾತ್ರ ಡಾಕ್ಟರಿಗೆ ಹೇಳದ್ದನ್ನು ನಿಮಗೆ ಹೇಳಿಕೊಳ್ಳುತ್ತಾರೆ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಅವರ ಹತ್ತಿರ ಇರುವವರು ನೀವು.

ಬೋಸ್ಟನ್ನಿನ ಕೆನೆತ್ ಶ್ವಾರ್ಟ್ಜ್ ಎಂಬ ವಕೀಲರು 1995ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಆರಂಭವಾದ ಶ್ವಾರ್ಟ್ಜ್ ರೌಂಡ್ಸ್ ಎಂಬ ಸಭೆಗಳು ಈಗ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಅಲ್ಲಿ ಔಷಧದ ಮಾತಿಲ್ಲ, ತಪ್ಪು ಹುಡುಕುವುದಿಲ್ಲ; ಆ ರೋಗಿಯನ್ನು ನೋಡಿಕೊಂಡದ್ದು ತಮಗೆ ಹೇಗಿತ್ತು ಎಂದು ಮಾತ್ರ ಹೇಳುತ್ತಾರೆ. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಕುರ್ಚಿಗಳ ವಿಷಯ: ಡಾಕ್ಟರು, ನರ್ಸು, ಸ್ವಚ್ಛತೆಯವರು ಎಲ್ಲರಿಗೂ ಒಂದೇ ಕೋಣೆಯಲ್ಲಿ ಜಾಗ.

ಕೂಸನ್ನು ಎತ್ತಿಕೊಂಡು ಹೋಗುವುದನ್ನು ನಿಮಗೆ ಸಾಧ್ಯವಿರುವಷ್ಟು ದಿನ ಬಿಡಬೇಡಿ. ಆದರೆ ವಾಪಸು ಒಬ್ಬರೇ ಬರಬೇಡಿ. ಜೊತೆಗೆ ಇನ್ನೊಬ್ಬರು ಬರಲಿ ಎಂದು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಕೊಡುವುದಿಲ್ಲ ಎಂದರೆ ಈ ಉತ್ತರ ತೋರಿಸಿ.

ಪ್ರಶ್ನೆ (ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್, ಎರಡು ಮಕ್ಕಳ ತಾಯಿ):

ಮೇಡಂ, ನನ್ನ ಸಮಸ್ಯೆ ಮನೆಯದು. ನಾಲ್ಕು ವರ್ಷದ ಮಗನಿಗೆ ಸ್ನಾನ ಮಾಡಿಸುವಾಗ ಪ್ರತಿದಿನ ಮೈಮೇಲಿನ ನೀಲಿಗಟ್ಟಿದ ಕಲೆ ಎಣಿಸುತ್ತೇನೆ. ಕತ್ತು, ಕಂಕುಳು ಒತ್ತಿ ಗಂಟು ಹುಡುಕುತ್ತೇನೆ. ಜ್ವರ ಬಂದರೆ ರಕ್ತಪರೀಕ್ಷೆ. ಈ ವರ್ಷ ಐದು ಸಲ ಆಯಿತು. ಮೊನ್ನೆ ಸ್ನಾನಕ್ಕೆ ಕರೆದರೆ ಅವನು ತಾನಾಗಿಯೇ ಕೈ ಎತ್ತಿ ನಿಂತ, ನೋಡಿಕೋ ಎನ್ನುವ ಹಾಗೆ.

ಉತ್ತರ:

ನಿಮ್ಮ ವೃತ್ತಿಯಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ, ಮಕ್ಕಳ ಕ್ಯಾನ್ಸರ್ ವಾರ್ಡಿನವರ ಗುಂಪಿನಲ್ಲಿ ಈ ಮಾತು ತೆಗೆದರೆ ಮೊದಲು ಎಲ್ಲರೂ ನಗುತ್ತಾರೆ, ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ವಾರ್ಡಿನಲ್ಲಿ ನೂರಕ್ಕೆ ನೂರು ಮಕ್ಕಳಿಗೂ ಕಾಯಿಲೆ ಇರುತ್ತದೆ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡುವ ಕಣ್ಣಿಗೆ ಹೊರಗಿನ ಜಗತ್ತಿನ ಲೆಕ್ಕ ತಪ್ಪಿಹೋಗುತ್ತದೆ.

ನೀವು ನರ್ಸ್ ಆದ್ದರಿಂದ ನೇರವಾಗಿ ಹೇಳುತ್ತೇನೆ. ಓಡಾಡುವ ಮಗುವಿನ ಮೊಣಕಾಲ ಕೆಳಗೆ, ಮುಂಗಾಲಿನ ಮೇಲೆ ಕಲೆಗಳಿರುವುದು ಬಿದ್ದು ಎದ್ದು ಬೆಳೆಯುತ್ತಿರುವುದರ ಗುರುತು. ಬೆನ್ನು, ಹೊಟ್ಟೆ, ಕಿವಿಯಂಥ ಕಡೆ ಕಾರಣವಿಲ್ಲದೆ ಕಲೆ, ಸೂಜಿಮೊನೆಯಂಥ ಕೆಂಪು ಚುಕ್ಕೆ, ಬಿಳಿಚಿಕೊಳ್ಳುವುದು, ಬಿಡದ ಜ್ವರ, ಮೂಳೆ ನೋವು ಇದ್ದರೆ ವೈದ್ಯರಿಗೆ ತೋರಿಸುತ್ತೀರಿ, ಅದು ನಿಮಗೇ ಗೊತ್ತು. ಗೊತ್ತಿದ್ದೂ ಎಣಿಸುತ್ತಿದ್ದೀರಿ ಎಂದರೆ ಇದು ತಿಳಿವಳಿಕೆಯ ಕೊರತೆಯಲ್ಲ, ವಾರ್ಡಿನಲ್ಲಿ ಇಳಿಸದೆ ಬಂದ ಹೊರೆ ಮನೆಯ ಬಚ್ಚಲಲ್ಲಿ ಇಳಿಯುತ್ತಿದೆ. ಪರೀಕ್ಷೆ ಮಾಡಿಸಿದಷ್ಟೂ ಸಮಾಧಾನ ಎರಡು ದಿನ ನಿಂತು ಮತ್ತೆ ಹಸಿಯುತ್ತದೆ.

ನಾಳೆಯಿಂದ ಸ್ನಾನ ನಿಮ್ಮ ಯಜಮಾನರು ಮಾಡಿಸಲಿ, ಕೆಲವು ವಾರ. ಮಗನನ್ನು ಯಾವಾಗ ವೈದ್ಯರಿಗೆ ತೋರಿಸಬೇಕು ಎಂಬ ನಿರ್ಧಾರವನ್ನೂ ಅವರಿಗೆ ಬಿಡಿ. ಆರು ವಾರದ ನಂತರವೂ ಕೈ ಕಂಕುಳಿಗೇ ಹೋಗುತ್ತಿದ್ದರೆ ಚಿಕಿತ್ಸಕರ ಬಳಿ ಹೋಗಿ. ಆತಂಕಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ. ಅವನು ಕೈ ಎತ್ತಿ ನಿಂತ ಆ ಕ್ಷಣವನ್ನು ನೀವು ಗಮನಿಸಿದಿರಲ್ಲ, ನಿಮ್ಮ ಪ್ರಶ್ನೆಯಲ್ಲಿ ನನಗೆ ಧೈರ್ಯ ಕೊಟ್ಟದ್ದು ಅದೇ.

ಪ್ರಶ್ನೆ (ಹೊಸದಾಗಿ ಸೇರಿದ ನರ್ಸ್):

ತಂದೆತಾಯಿಯರಿಗೆ ನನ್ನ ಮೊಬೈಲ್ ನಂಬರ್ ಕೊಡಬಹುದೇ? ಅಂತ್ಯಕ್ರಿಯೆಗೆ ಹೋಗಬಹುದೇ?

ಉತ್ತರ:

ನಂಬರ್ ಬೇಡ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನಲು ನಿಮ್ಮಿಂದ ಆಗುವುದಿಲ್ಲ, ರಾತ್ರಿ ಮೂರಕ್ಕೆ ಬರುವ ಕರೆಗೆ ನಿಮ್ಮ ಬಳಿ ಕೇಸ್ ಶೀಟೂ ಇರುವುದಿಲ್ಲ. ವಾರ್ಡಿನ ನಂಬರ್ ಕೊಡಿ. ಅಂತ್ಯಕ್ರಿಯೆಗೆ ಮನೆಯವರು ಕರೆದರೆ, ಆಸ್ಪತ್ರೆಯ ನಿಯಮ ಬಿಟ್ಟರೆ, ನಿಮಗೂ ಹೋಗಬೇಕೆನಿಸಿದರೆ ಹೋಗಿ. ಪ್ರತಿಯೊಂದಕ್ಕೂ ಹೋಗಲೇಬೇಕು ಎಂದು ಅನಿಸತೊಡಗಿದ ದಿನ ನನಗೆ ಬರೆಯಿರಿ.

ಪ್ರಶ್ನೆ (ಐಸಿಯು ಇನ್‌ಚಾರ್ಜ್ ಸಿಸ್ಟರ್):

ಮೇಡಂ, ಹೊರೆಗಲ್ಲು ಎಂದಿರಿ. ನನ್ನ ಬಳಿ ಹಣವಿಲ್ಲ, ಜನರಿಲ್ಲ, ಖಾಲಿ ಕೋಣೆಯೂ ಇಲ್ಲ. ಕಲ್ಲನ್ನು ಎಲ್ಲಿ ನೆಡಲಿ? ಮೇಲಿನವರು ಪ್ರತಿ ಸಾವಿನ ನಂತರ ಎಲ್ಲರನ್ನೂ ಕೂರಿಸಿ ಕಡ್ಡಾಯವಾಗಿ ಮಾತನಾಡಿಸಿ ಎನ್ನುತ್ತಿದ್ದಾರೆ.

ಉತ್ತರ:

ಕಡ್ಡಾಯ ಬೇಡ ಎಂದು ಮೇಲಿನವರಿಗೆ ಹೇಳಿ. ಆಘಾತವಾದ ಕೂಡಲೇ ಒಂದೇ ಸಲ ಕೂರಿಸಿ ಭಾವನೆಗಳನ್ನು ಹೊರಹಾಕಿಸುವ ಪದ್ಧತಿಯನ್ನು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ವಿಮರ್ಶೆ ಪರಿಶೀಲಿಸಿತ್ತು. ಅದು ಮುಂದಿನ ಮಾನಸಿಕ ಆಘಾತದ ಕಾಯಿಲೆಯನ್ನು ತಡೆಯುವುದಿಲ್ಲ ಎಂದು ಕಂಡುಬಂತು. ಒಂದು ಪ್ರಯೋಗದಲ್ಲಂತೂ ಹಾನಿಯೇ ಕಂಡಿತ್ತು. ಬಾಯಿ ಬಿಡುವ ಹೊತ್ತನ್ನು ಹೊತ್ತವರೇ ಆರಿಸಿಕೊಳ್ಳಬೇಕು. ಚಿಕಿತ್ಸೆಯಲ್ಲಿ ಏನಾಯಿತು ಎಂಬ ತಾಂತ್ರಿಕ ಚರ್ಚೆ ಬೇರೆ, ಅದು ನಡೆಯಲಿ.

ಹಣವಿಲ್ಲದೆ ಆಗುವುದು ಮೊದಲು ಒಂದು ನಿಮಿಷ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಆರಂಭಿಸಿದ ಕ್ರಮ ಇದು. ಸಾವು ಘೋಷಿಸಿದ ಮೇಲೆ, ಗ್ಲೌಸ್ ಕಳಚಿ ಚೆದುರುವ ಮೊದಲು, ಯಾರಾದರೂ ಒಬ್ಬರು ‘ಸ್ವಲ್ಪ ನಿಲ್ಲೋಣ’ ಎನ್ನುತ್ತಾರೆ. ಇದು ಯಾರದೋ ಮಗುವಾಗಿತ್ತು, ನಾವೆಲ್ಲ ಕೈಲಾದದ್ದು ಮಾಡಿದೆವು ಎಂದು ಎರಡು ವಾಕ್ಯ, ಆಮೇಲೆ ಮೌನ. ಯಾವ ಧರ್ಮದ ಮಾತೂ ಬೇಕಿಲ್ಲ. ಹೇಳಬೇಕಾದವರು ಅತಿ ಹಿರಿಯರೇ ಆಗಬೇಕೆಂದಿಲ್ಲ. ಮೊದಲ ಸಲ ಎಲ್ಲರಿಗೂ ಮುಜುಗರವಾಗುತ್ತದೆ, ಯಾರೋ ಒಬ್ಬರು ಗಡಿಯಾರ ನೋಡುತ್ತಾರೆ. ಮುಂದಿನ ಸಲ ಅವರೇ ‘ನಿಲ್ಲೋಣ’ ಎನ್ನುವುದನ್ನು ನಾನು ನೋಡಿದ್ದೇನೆ.

ಎರಡನೆಯದು ನಿಮ್ಮ ಪೆನ್ನಿನಲ್ಲೇ ಇದೆ, ಬೆಡ್ ಹಂಚುವ ಪಟ್ಟಿ. ಮಗುವನ್ನು ಕಳೆದುಕೊಂಡ ನರ್ಸ್‌ಗೆ ಅದೇ ಪಾಳಿಯಲ್ಲಿ ಹೊಸ ಮಗುವನ್ನು ಕೊಡಬೇಡಿ. ಆಗದು ಎಂಬ ರಾತ್ರಿಗಳು ಇರುತ್ತವೆ, ನಾನೂ ಆ ರಾತ್ರಿಗಳನ್ನು ಕಂಡವಳೇ. ಆಗ ಕೊನೆಪಕ್ಷ ಅದೇ ಬೆಡ್ ಕೊಡಬೇಡಿ. ಮೇಲಿನ ಮೊದಲ ಪ್ರಶ್ನೆ ಓದಿ ನೋಡಿ. ಹಾಗೆಯೇ, ಬದುಕುವ ಭರವಸೆ ಇಲ್ಲದ ಮಗುವನ್ನು ‘ಅವಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ’ ಎಂದು ಪ್ರತಿ ಸಲವೂ ಒಬ್ಬಳಿಗೇ ಕೊಡುವ ಅಭ್ಯಾಸ ಎಲ್ಲ ವಾರ್ಡುಗಳಲ್ಲೂ ಇದೆ. ಒಳ್ಳೆಯತನಕ್ಕೆ ಇದಕ್ಕಿಂತ ಕೆಟ್ಟ ಸಂಬಳ ಇಲ್ಲ.

ಮೂರನೆಯದು, ಗುಣವಾಗಿ ಹೋದವರ ಸುದ್ದಿ. ಐಸಿಯುನಿಂದ ಮಗು ವಾರ್ಡಿಗೆ ಹೋಯಿತೆಂದರೆ ನಮಗೆ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ; ಸಾವುಗಳು ಮಾತ್ರ ಪೂರ್ತಿ ತಿಳಿಯುತ್ತವೆ. ವಾರಕ್ಕೊಮ್ಮೆ ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ, ಇಲ್ಲಿಂದ ಹೋದ ಒಂದು ಮಗು ಈಗ ಹೇಗಿದೆ ಎಂದು ವಾರ್ಡಿನಿಂದ ಕೇಳಿ ತಿಳಿಸಿ. ನಾಲ್ಕನೆಯದೂ ಐದನೆಯದೂ ಇವೆ, ಆದರೆ ಅವಕ್ಕೆ ಜನ ಬೇಕು, ಹಣ ಬೇಕು. ಅದನ್ನು ಕೇಳುವುದನ್ನು ನಿಲ್ಲಿಸಬೇಡಿ. ಒಂದು ನಿಮಿಷದ ಮೌನ ಖಾಲಿ ಹುದ್ದೆಯನ್ನು ತುಂಬುವುದಿಲ್ಲ.

ಮೊದಲ ಪ್ರಶ್ನೆಯ ನರ್ಸ್, ಮರುದಿನ:

ಮೇಡಂ, ಇವತ್ತು ಡ್ಯೂಟಿ ಮುಗಿದ ಮೇಲೆ ಅಂದು ಜೊತೆಗಿದ್ದ ಸಿಸ್ಟರ್ ಜೊತೆ ಮೆಟ್ಟಿಲ ಮೇಲೆ ಕುಳಿತೆ. ಆ ಮಗುವಿಗೆ ಎಡಗೈ ಹಿಡಿದರೆ ಮಾತ್ರ ನಿದ್ದೆ ಬರುತ್ತಿತ್ತು, ಬಲಗೈಯಲ್ಲಿ ಔಷಧ ಹಾಕುವ ನಳಿಕೆ, ಕ್ಯಾನುಲಾ ಇತ್ತು. ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಅವರಿಗೂ ಗೊತ್ತಿತ್ತು. ಅವರು ಅತ್ತರು, ನನಗೆ ಬರಲಿಲ್ಲ. ಆ ಬೆಡ್ಡಿನ ಹೊಸ ಮಗುವನ್ನು ನಾಳೆ ವೆಂಟಿಲೇಟರಿನಿಂದ ಬಿಡಿಸಿ ನೋಡುತ್ತಾರಂತೆ.

ಉತ್ತರ:

ಬರೆದು ತಿಳಿಸಿದ್ದಕ್ಕೆ ಸಂತೋಷ, ಸಿಸ್ಟರ್. ನಾಳೆ ನಿಮ್ಮ ಪಾಳಿ ಎಷ್ಟು ಗಂಟೆಗೆ? ಟ್ಯೂಬ್ ತೆಗೆದ ಮೇಲೆ ಆ ಮಗುವಿನ ಮೊದಲ ಅಳು ಹೇಗಿತ್ತು ಎಂದು ಇಲ್ಲಿ ಒಂದು ಸಾಲು ಬರೆಯಿರಿ. ಗಂಟಲು ಕಟ್ಟಿರುತ್ತದೆ, ಸದ್ದು ಬಹಳ ಸಣ್ಣದಿರುತ್ತದೆ, ಹತ್ತಿರ ನಿಂತು ಕೇಳಬೇಕು.